ಉಗುರಿನ ಶಾಯಿ

"ಇನ್ನಷ್ಟು ತಿಕ್ಕ ಬೇ, ನೀರು ಒಳಗ ಇಳೀವಲ್ದು," ಎಂದಳು ರೋಶನಬಿ. ಹೆಣಕ್ಕೆ ಸ್ನಾನ ಮಾಡಿಸುವವಳು ಆಕೆ. ನಿಷ್ಠುರಿ ಎಂದು ಓಣಿಗೆಲ್ಲ ಗೊತ್ತು. ನಜಮಾ ತನ್ನ ಚಿಕ್ಕಮ್ಮ ದಾವಲಬಿಯ ತಣ್ಣಗಾದ ಬೆರಳು ಹಿಡಿದು ತಿಕ್ಕಿಯೇ ತಿಕ್ಕಿದಳು. ಉಗುರಿನ ಸುತ್ತ ಮೆತ್ತಿದ್ದ ಕರಿ ಎಣ್ಣೆಶಾಯಿ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಚರ್ಮಕ್ಕ ನೀರು ಮುಟ್ಟದಿದ್ರ ಗುಸುಲ್ ಜಳಕ ಪೂರಾ ಆಗಂಗಿಲ್ಲ. ಹಂಗ ಮಣ್ಣಿಗಿ ಕಳಸೂದು ನನ್ನ ಕೈಲೆ ಆಗೂದಿಲ್ಲ ನೋಡು."

ನಜಮಾ ಇನ್ನೂ ಜೋರಾಗಿ ತಿಕ್ಕಿದಳು. ಗೋರಿಯೊಳಗೆ ದೇವದೂತರು ಬಂದು, ಇವಳು ಹೊಲಸು ಅಂದುಬಿಟ್ಟರೆ?

ಹೊರಗಿನಿಂದ ದಾವಲಬಿಯ ಅಣ್ಣ ಬುಡ್ಡೇಸಾಬ ಕೂಗಿದ. "ಹೊತ್ತಾತ್ರಿ! ಸಂಜಿಮುಂದಿನ ಅಸರ್ ನಮಾಜಿನೊಳಗ ಎತ್ತಬೇಕು!"

*

ಗಂಡ ಸತ್ತ ಮೇಲೆ ದಾವಲಬಿ ಘೋಣಸಗಿ ಹಳ್ಳಿ ಬಿಟ್ಟು ವಿಜಾಪುರಕ್ಕೆ ಬಂದಿದ್ದಳು. ಯಾವುದೋ ಕಚೇರಿಯ ನೆಲದಿಂದ ಕಿತ್ತೆಸೆದ ಲಿನೋಲಿಯಂ ಹಾಸು ತಂದಳು. ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಅದರಲ್ಲಿ ಬೇವಿನೆಲೆ, ಜೋಳದ ತೆನೆ ಕೆತ್ತಿದಳು. ಕರಿ ಎಣ್ಣೆಶಾಯಿ ಸವರಿ ಬಟ್ಟೆಗೆ ಒತ್ತಿದಳು. ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯವರು ಅವಳ ಹಾಸಿಗೆಬಟ್ಟೆ ಒಯ್ಯುತ್ತಿದ್ದರು.

"ಎಡಕ್ಕ ಬಾಗಿದ ತೆನಿ ಬೇಕಂದ್ರ ಬಲಕ್ಕ ಕೆತ್ತಬೇಕು, ಹುಚ್ಚಿ," ಎಂದು ನಜಮಾಳಿಗೆ ಕಲಿಸಿದಳು. ಆದರೂ ನಜಮಾ ಕೆತ್ತಿದ್ದು ಉಲ್ಟಾ ಬಿತ್ತು. ದಾವಲಬಿ ಬಿದ್ದು ಬಿದ್ದು ನಕ್ಕಳು. "ಇರ್ಲಿ ಬಿಡ. ಇವತ್ತ ಗಾಳಿ ಆ ಕಡಿಂದ ಬೀಸೇತಿ ಅನ್ನು."

*

ಪಕ್ಕದ ಮನೆಯ ಗುರುಬಸವ್ವ ಸೀಮೆಎಣ್ಣೆಯ ಬಾಟಲಿ ತಂದಳು. "ರೇಷನ್ನಿಂದು, ಚೆಲ್ಲಬ್ಯಾಡ್ರಿ. ಎಣ್ಣಿಗಿ ಎಣ್ಣಿನ ಮದ್ದು."

ನಜಮಾ ಚಿಂದಿ ಅದ್ದಿ, ದಾವಲಬಿಯ ಬೆರಳನ್ನು ತನ್ನ ಅಂಗೈಯಲ್ಲಿಟ್ಟು ತಿಕ್ಕಿದಳು. ಶಾಯಿ ಕರಗಿತು. ರೋಶನಬಿ ಒಂದೊಂದೇ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು, ಸಾಬೂನು ಹಚ್ಚಿ ಮೊದಲಿನಿಂದ ನೀರು ಹಾಕಿದಳು.

"ಆತು. ಕಫನ್ ಹಾಸು, ಲಗೂನ."

ನಜಮಾ ಹೆಣಕ್ಕೆ ಸುತ್ತುವ ಬಿಳಿ ಬಟ್ಟೆ ಬಿಚ್ಚಿ, ಸುಕ್ಕು ಹೋಗಲೆಂದು ಅಂಗೈಯಿಂದ ಒತ್ತಿ ಸವರಿದಳು.

"ಅಯ್ಯ ಲೇ!" ಎಂದಳು ರೋಶನಬಿ.

ನೋಡಿದರೆ ನಟ್ಟನಡುವೆ ನಜಮಾಳದೇ ಅಂಗೈ, ಐದೂ ಬೆರಳು, ಗೆರೆ ಸಮೇತ ಕಪ್ಪಗೆ ಮೂಡಿತ್ತು. ತನ್ನ ಕೈ ತೊಳೆಯುವುದನ್ನೇ ಅವಳು ಮರೆತಿದ್ದಳು. ಮನೆಯಲ್ಲಿ ಇನ್ನೊಂದು ಬಿಳಿ ಬಟ್ಟೆ ಇರಲಿಲ್ಲ. ಇದ್ದಬದ್ದದ್ದರ ಮೇಲೆಲ್ಲ ಎಲೆ, ತೆನೆ. ನಜಮಾ ಕೈ ಹಿಂದಕ್ಕೆಳೆದುಕೊಂಡಳು. "ನಾನ ಹಾಳ ಮಾಡಿದ್ನಲ್ಲ..."

"ಎತ್ತೂಣೇನು?" ಬುಡ್ಡೇಸಾಬ ಬಾಗಿಲು ಬಡಿದ.

"ತಡೀರಿ!" ಎಂದು ಗದರಿದಳು ರೋಶನಬಿ. ಆ ಗುರುತನ್ನೇ ದಿಟ್ಟಿಸಿದಳು. ಆಮೇಲೆ ದನಿ ತಗ್ಗಿಸಿ, "ಗಂಡಸರಿಗಿ ಹೇಳಬ್ಯಾಡ," ಎಂದಳು.

ಬಟ್ಟೆಯನ್ನು ಜಗ್ಗಿ ಸರಿಮಾಡಿ, ಆ ಅಂಗೈ ದಾವಲಬಿಯ ಬೆನ್ನಿನಡಿ ಬರುವ ಹಾಗೆ ಹಾಸಿದಳು.