ಗೂಡಿಗೆ ಬಿದ್ದ ಬೆಳಕು

ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಮುಗಿಸಿ ಮಧ್ಯಾಹ್ನ ಮನೆ ಸೇರುತ್ತಿದ್ದ ಅವಳನ್ನು ಬೀದಿಯವರೆಲ್ಲ ‘ಬ್ರೆಡ್ಡಕ್ಕ’ ಎನ್ನುತ್ತಿದ್ದರು. ಬಂದವಳೇ ಮೊದಲು ಹಿತ್ತಲಿಗೆ ಹೋಗುವುದು ವಾಡಿಕೆ. ಅಡುಗೆಮನೆಯ ಕಿಟಕಿಗೆ ಹಬ್ಬಿದ ಬಳ್ಳಿಯಲ್ಲಿ ಒಂದು ಜೋಡಿ ಪಿಕಳಾರ ಹಕ್ಕಿ ಗೂಡು ಕಟ್ಟಿತ್ತು. ತಲೆಯ ಮೇಲೆ ಕಪ್ಪು ಜುಟ್ಟು, ಕೆನ್ನೆಗೊಂದು ಕೆಂಪು ಬೊಟ್ಟು, ಬಾಲದ ಬುಡದಲ್ಲೂ ಅದೇ ಕೆಂಪು. ಗೂಡೋ, ಒಣಹುಲ್ಲು, ನಾರು, ಜೇಡರಬಲೆ ಸೇರಿಸಿ ಹೆಣೆದ ಅಂಗೈಯಗಲದ ಬಟ್ಟಲು. ಅದರೊಳಗಿನ ಮೂರು ಮರಿಗಳು ಕಣ್ಣು ಬಿಡುವ ಮೊದಲೇ ಬಾಯಿ ಬಿಡಲು ಕಲಿತಿದ್ದವು. ಗಂಡುಹೆಣ್ಣು ಎರಡೂ ಪಾಳಿಯ ಮೇಲೆ ಹುಳ ತಂದು ತುರುಕುತ್ತಿದ್ದವು.

“ನೋಡಿ ಕಲೀರಿ,” ಎಂದಿದ್ದಳು ಗಂಡನಿಗೆ.

ಅವನು ಕಲಿಯುವುದಿರಲಿ, ಹೋಗಿ ಗೂಡಿನ ಸುದ್ದಿಯನ್ನು ತಮ್ಮನ ಕಿವಿಗೆ ಹಾಕಿದ. ಮೈದುನ ದೊಡ್ಡ ಪಕ್ಷಿಪ್ರೇಮಿ. ಹಾಗೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮೊಳದುದ್ದದ ಲೆನ್ಸು, ಮೈತುಂಬ ಜೇಬಿನ ಜಾಕೆಟ್ಟು.

ಮರುದಿನ ಅವಳು ಬರುವಾಗ ಹಕ್ಕಿಗಳ ಕಿರುಚಾಟ ಬೀದಿಗೇ ಕೇಳುತ್ತಿತ್ತು. ಓಡಿಹೋಗಿ ನೋಡಿದರೆ ಗೂಡಿನ ಮುಂದಿನ ಬಳ್ಳಿಯನ್ನೆಲ್ಲ ಕತ್ತರಿಸಿ ಗುಡ್ಡೆ ಹಾಕಿತ್ತು. ಸುಡುಬಿಸಿಲಲ್ಲಿ ಮರಿಗಳು ಏದುಸಿರು ಬಿಡುತ್ತಿದ್ದವು.

“ಏನೋ ಮಾಡಿಟ್ಟೆ ಇದು?”

“ಎಲೆ ಅಡ್ಡ ಬರ್ತಿತ್ತು ಅತ್ತಿಗೆ. ಫೋಟೋಗೆ ಬೆಳಕು ಬೇಕಲ್ಲ,” ಎಂದ ಮೈದುನ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

“ನೀನು ತೊಟ್ಟಿಲಲ್ಲಿದ್ದಾಗ ಯಾರಾದ್ರೂ ಸೂರು ಕಿತ್ತು ಬೆಳಕು ಬಿಟ್ಟಿದ್ರಾ?”

ಅತ್ತೆ ಒಳಗಿನಿಂದಲೇ ಮಗನ ಪರ ನಿಂತರು. “ಬಳ್ಳಿ ತಾನೇ? ಮತ್ತೆ ಚಿಗುರುತ್ತೆ ಬಿಡಮ್ಮ.”

“ಚಿಗುರೋವರೆಗೂ ಕಾಗೆ ಕಾಯುತ್ತಾ ಅತ್ತೆ?”

ಕಾಯಲಿಲ್ಲ. ನೆರಳಿಗೆಂದು ಅವಳು ಕೊಡೆ ತರಲು ಒಳಗೆ ಹೋದಷ್ಟರಲ್ಲಿ ಕಾಗೆ ಎರಗಿ ಒಂದು ಮರಿಯನ್ನು ಕಚ್ಚಿಕೊಂಡು ಹಾರಿತು. ತಮಗಿಂತ ಎಷ್ಟೋ ದೊಡ್ಡದಾದ ಅದನ್ನು ಹಕ್ಕಿಗಳೆರಡೂ ಬೆನ್ನಟ್ಟಿದವು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದ ಮೈದುನ ಕಾಗೆಯನ್ನು ಓಡಿಸಲಿಲ್ಲ. ಟಪಟಪನೆ ಬಟನ್ ಒತ್ತಿದ. “ಸಿಕ್ತು!” ಎಂದು ಕುಣಿದ.

ಅವಳಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಹಿಟ್ಟು ನಾದಿ ಗಟ್ಟಿಯಾದ ಕೈಯಲ್ಲಿ ಜಾಕೆಟ್ಟಿನ ಕಾಲರು ಹಿಡಿದು, ಗೇಟಿನ ಆಚೆಗೆ ನೂಕಿ, ಚಿಲಕ ಹಾಕಿದಳು. ಆಮೇಲೆ ಕಿಟಕಿಯ ಸರಳಿಗೆ ಕೊಡೆ ಕಟ್ಟಿದಳು. ಬೇಕರಿಗೆ ರಜೆ ಹಾಕಿ ಕಾವಲು ಕೂತಳು. ಉಳಿದೆರಡು ಮರಿಗಳು ರೆಕ್ಕೆ ಬಲಿತು ಹಾರಿಹೋಗುವವರೆಗೂ ಅತ್ತೆ ಅವಳೊಡನೆ ಮಾತಾಡಲಿಲ್ಲ.

ಆ ಫೋಟೋಗೆ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. ‘ತಾಯಿಯ ಹೋರಾಟ’ ಎಂದು ಹೆಸರಿಟ್ಟು ಸಭಾಭವನದಲ್ಲಿ ತೂಗುಹಾಕಿದ್ದರು. ಮನೆಯವರೆಲ್ಲ ಹೊಸಬಟ್ಟೆ ತೊಟ್ಟು ಹೋದರು. ಒಬ್ಬ ಹಿರಿಯರು, “ಎಂಥಾ ಸಹನೆ ಇರ್ಬೇಕು ಇದಕ್ಕೆ!” ಎಂದು ಮೈದುನನ ಬೆನ್ನು ತಟ್ಟಿದಾಗ ಅವಳಿಗೆ ತಡೆಯಲಾಗಲಿಲ್ಲ.

“ಸಹನೆ ಅಲ್ಲ ಸ್ವಾಮಿ, ಕತ್ತರಿ. ಬಳ್ಳಿ ಕತ್ತರಿಸಿ ಕಾಗೆಗೆ ದಾರಿ ತೋರಿಸಿದ್ದೇ ಇವನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.”

ಗಂಡ ಅವಳ ತೋಳು ಹಿಡಿದೆಳೆದ. ಮೈದುನ ನಕ್ಕು ತೇಲಿಸಲು ನೋಡಿದ: “ಎರಡು ಬದುಕಿದ್ವಲ್ಲ ಅತ್ತಿಗೆ!”

“ನಿನ್ನಿಂದಲಾ?”

ಹಿರಿಯರು ಮೈದುನನ ಬೆನ್ನ ಮೇಲಿನ ಕೈ ಮೆಲ್ಲಗೆ ತೆಗೆದರು. ಬಹುಮಾನವನ್ನೇನೂ ಯಾರೂ ವಾಪಸು ಕೇಳಲಿಲ್ಲ; ಅವಳ ಸಿಟ್ಟೂ ಆರಲಿಲ್ಲ.

ಮುಂದಿನ ವರ್ಷ ಮೈದುನನ ಫೋನು ಬಂತು, ಏನೂ ಆಗಿಲ್ಲವೆಂಬಂತೆ. “ಈ ಸಲ ಹಕ್ಕಿ ಗೂಡು ಕಟ್ಟಿದ್ಯಾ ಅತ್ತಿಗೆ?”

ಹಿತ್ತಲ ಬೇಲಿಯಲ್ಲಿ ಪಿಕಳಾರ ಹುಲ್ಲುಕಡ್ಡಿ ಕಚ್ಚಿಕೊಂಡು ನುಸುಳುತ್ತಿತ್ತು. ಹುಟ್ಟಿದಾಗಿನಿಂದ ಸುಳ್ಳು ಹೇಳಲು ಬಾರದವಳು ಎಂದು ಹೆಸರಾಗಿದ್ದ ಬ್ರೆಡ್ಡಕ್ಕ ಕಣ್ಣು ಮಿಟುಕಿಸದೆ ಹೇಳಿದಳು: “ಇಲ್ಲಪ್ಪ. ಈ ಕಡೆ ತಿರುಗಿಯೂ ನೋಡಿಲ್ಲ.”