ಎರಡನೆಯ ಬಟ್ಟಲು

ಸಾಯುತ್ತಿದ್ದ ಗೆಳೆಯನ ಕೈ ಹಿಡಿದು ಸತ್ಯಪ್ಪ ಒಂದು ಮಾತು ಕೊಟ್ಟಿದ್ದ. ೧೯೮೭ರಲ್ಲಿ, ನಮ್ಮ ಸೇನೆ ಶ್ರೀಲಂಕಾಕ್ಕೆ ಹೋಗಿದ್ದಾಗ, ಜಾಫ್ನಾದ ಹತ್ತಿರ ಒಂದು ತಾಳೆ ತೋಪಿನಲ್ಲಿ. ಅವನ ದಳದವನೇ ಆದ ದಿಗ್ಗೇವಾಡಿಯ ಮಲಕಾರಿ, "ಯವ್ವಾ, ಬಾಗಲಾ ತಗಿ, ಬಂದೇನಿ" ಅನ್ನುತ್ತಲೇ ಕಣ್ಣು ಮುಚ್ಚಿದ. "ಇದನ್ನ ನಿಮ್ಮವ್ವ ಲಗಮವ್ವನ ಮುಂದ ನಾನ ಹೋಗಿ ಹೇಳತೀನಿ" ಅಂದಿದ್ದ ಸತ್ಯಪ್ಪ.

ಕಾಲಿಗೆ ಗುಂಡು ತಗುಲಿ ಪಿಂಚಣಿ ಮೇಲೆ ತನ್ನೂರು ಕರೋಶಿಗೆ ಬಂದಾಗ ನೋವಿಗೆಂದು ಅಫು ಶುರುವಾಯಿತು. ಅಫೀಮಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಕೂಸು ಮಲಗಲೆಂದು ಅದನ್ನು ನೆಕ್ಕಿಸುವ ಮನೆಗಳೂ ಇದ್ದವು, ಹೀಗಾಗಿ ಯಾರಿಗೂ ತಪ್ಪೆನಿಸಲಿಲ್ಲ. ಕೆಲವು ತಿಂಗಳಲ್ಲಿ ಆ ದನಿ ಬಂತು. ದೀಪ ಹಚ್ಚುವ ಹೊತ್ತು. ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ಕೂತ ಸತ್ಯಪ್ಪ ತನ್ನದಲ್ಲದ ದನಿಯಲ್ಲಿ, "ಯವ್ವಾ, ಬಾಗಲಾ ತಗಿ" ಎನ್ನುವನು. ಗೆಳೆಯ ಸತ್ತದ್ದು ಮನೆಯವರಿಗೆ ಗೊತ್ತಿತ್ತು. ಅವನ ಕಡೆಯ ಮಾತು ಗೊತ್ತಿರಲಿಲ್ಲ.

ದೆವ್ವ ಬಿಡಿಸುವ ದೇವರಿಷಿ ಬಂದು ನೋಡಿದ. "ಸತ್ತಾವ ಇವನ ಮೈಯಾಗ ಅದಾನ. ಅವಂಗ ಬ್ಯಾರೆ ಬಟ್ಟಲಾ ಇಡ್ರಿ. ಅಫು ಹಾಕ್ರಿ, ಮಲಗತಾನ."

ಅಂದಿನಿಂದ ತಾಯಿ ಸತ್ತೆವ್ವ ಎರಡು ಬಟ್ಟಲು ಹಾಲು ಇಡತೊಡಗಿದಳು. ಮೊದಲನೆಯದು ಮಗನಿಗೆ. ಅಫು ಕರಗಿಸಿದ ಎರಡನೆಯದನ್ನು "ಕುಡಿಯಪಾ ಮಲಕಾರಿ" ಎಂದು ಮುಂದೆ ಹಿಡಿಯುವಳು. ಕುಡಿಯುವ ಬಾಯಿ ಮಾತ್ರ ಒಂದೇ. ಬರಬರುತ್ತ ಎರಡನೆಯದರ ಅಫು ಹೆಚ್ಚಿತು. ಮೊದಲನೆಯದು ಎಷ್ಟೋ ದಿನ ಕೆನೆಗಟ್ಟಿ ಹಾಗೇ ಉಳಿಯುತ್ತಿತ್ತು.

೧೯೯೧ರಲ್ಲಿ ಹೆಂಡತಿ ಅಕ್ಕುತಾಯಿ ಹಟ ಹಿಡಿದು ಅವನನ್ನು ನಿಪ್ಪಾಣಿಯ ಒಂದು ದವಾಖಾನೆಗೆ ಕರೆದೊಯ್ದಳು. ಸತ್ತೆವ್ವನೂ ಬೆನ್ನು ಹತ್ತಿದಳು.

"ನಿಮ್ಮ ಗುಳಗಿಗೆ ದೆವ್ವ ಅಂಜತೈತೇನ್ರಿ?" ಎಂದು ಅಲ್ಲಿಯ ಡಾಕ್ಟರಬಾಯಿಯನ್ನು ಕೇಳಿದಳು.

"ದೆವ್ವದ ಓದು ನನಗ ಆಗಿಲ್ಲಬೇ ಆಯಿ," ಎಂದು ಡಾಕ್ಟರಬಾಯಿ ನಕ್ಕರು. ಸತ್ಯಪ್ಪನತ್ತ ತಿರುಗಿದರು. "ಮೈ ನಡುಗಿದರ ಗುಳಗಿ ನಾ ಕೊಡತೀನಿ. ಆದರ ಅಫು ಯಾಕ ಬಿಡಬೇಕು ಅನ್ನೂದನ್ನ ನೀವ ಹೇಳಬೇಕು. ನಿಮ್ಮ ಬಾಳೇದಾಗ ಯಾವುದು ದೊಡ್ಡದು? ಅದನ್ನ ಹಿಡಕೊಂಡ ನಿಲ್ಲೂಣು."

"ಕೊಟ್ಟ ಮಾತು ರೀ," ಅಂದ ಸತ್ಯಪ್ಪ. ತಾಯಿ, ಹೆಂಡತಿಯನ್ನು ಹೊರಗೆ ಕಳಿಸಿ, ತೋಪಿನ ಕತೆ ಅವತ್ತು ಅವರೊಬ್ಬರ ಮುಂದೆ ಬಿಚ್ಚಿದ. "ಆ ತಾಯಿ ಮುಂದ ನಶೇದಾಗ ಹೆಂಗ ಹೋಗಿ ನಿಲ್ಲಲ್ರಿ?"

ಅಲ್ಲೇ ಉಳಿದ. ನಡುಗಿದ, ವಾಂತಿ ಮಾಡಿದ, ಅತ್ತ. ಮನೆಗೆ ಹೋಗುತ್ತೇನೆಂದು ಎದ್ದಾಗಲೆಲ್ಲ ಡಾಕ್ಟರಬಾಯಿ, "ದಿಗ್ಗೇವಾಡಿ?" ಎಂದಷ್ಟೇ ಕೇಳುವರು. ಕೂತುಬಿಡುವನು. ಕೊನೆಗೆ ಅಫು ಪೂರ್ತಿ ಬಿಟ್ಟಿತು. ಕಳಿಸುವ ದಿನ ಅವರು ಸತ್ತೆವ್ವನಿಗೆ ಬಿಡಿಸಿ ಹೇಳಿದರು: "ಇವರ ಮೈ ಅಫು ಮರತೈತಿ. ಮೊದಲ ಕೊಡತಿದ್ದಷ್ಟು ಈಗ ಕೊಟ್ಟರ ಜೀವ ಹೋಗತೈತಿ."

"ನನ್ನ ಮಗಗ ನಾ ಯಾಕ ಕೊಡಲ್ರಿ," ಅಂದಳು ಸತ್ತೆವ್ವ.

ಮನೆಗೆ ಬಂದರು. ಮರುದಿನ ಮುಂಜಾನೆಯ ಬಸ್ಸಿಗೆ ದಿಗ್ಗೇವಾಡಿಗೆ ಹೊರಡುವುದೆಂದಾಯಿತು. "ಹೆಣ್ಣ ನೋಡಾಕ ಹೊಂಟಂಗ ಮೀಸಿ ತಿದ್ದಾಕತ್ತೀರಲಾ," ಎಂದು ಅಕ್ಕುತಾಯಿ ಚೇಷ್ಟೆ ಮಾಡಿದಳು. ಸಂಜೆ ಅವನು ಒಳಕೋಣೆಯಲ್ಲಿ ಒಬ್ಬನೇ ಕೂತು, ಲಗಮವ್ವನಿಗೆ ಹೇಳಬೇಕಾದ್ದನ್ನು ಹೇಳಿ ಹೇಳಿ ನೋಡುತ್ತಿದ್ದ.

"ಯವ್ವಾ, ಬಾಗಲಾ ತಗಿ, ಬಂದೇನಿ."

ಒಲೆಯ ಮುಂದಿದ್ದ ಸತ್ತೆವ್ವ ಸೆಟೆದು ನಿಂತಳು. ಮಗನೇನೋ ದವಾಖಾನೆಯಲ್ಲಿ ಅಫು ಮರೆತ. ಆ ಇನ್ನೊಬ್ಬ ಇಷ್ಟು ದಿನ ಇದೇ ಮನೆಯಲ್ಲಿ ಹಸಿದು ಕಾದಿದ್ದಾನೆ. ಎರಡನೆಯ ಬಟ್ಟಲಿನ ಹಾಲಿಗೆ ಹಳೆಯ ಅಳತೆಗೆ ಕಡಿಮೆಯಾಗದಂತೆ ಅಫು ಹಾಕಿ, ಬೆಲ್ಲ, ಅಜವಾನ ಕುದಿಸಿ ತಂದಳು.

"ಕಹಿ ಐತಲ್ಲಬೇ."

"ಅಜವಾನ ಹಾಕೇನಿ. ಕುಡಿ, ಹಾದಿಗೆ ಛಲೋ."

ಬೆಳಗ್ಗೆ ಅಕ್ಕುತಾಯಿ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು.

ಸತ್ತೆವ್ವ ಅಳಲಿಲ್ಲ. ಬಂದವರಿಗೆಲ್ಲ ಹೇಳಿದ್ದು ಒಂದೇ: "ಮಗಗ ನಾ ಕೊಟ್ಟಿಲ್ಲ. ಅವಂಗ ಕೊಟ್ಟೇನಿ." ದೇವರಿಷಿ ಹೆಣದ ಮುಂದೆ ನಿಂತೂ, ಅಫು ಇನ್ನಷ್ಟು ಬೇಕಿತ್ತು ಅಂದ. ಹಿರಿಯರು ಹೌದೆಂದು ತಲೆಯಾಡಿಸಿದರು. ಆ ತಲೆಗಳಲ್ಲಿ ನಮ್ಮ ನಿಮ್ಮ ಮನೆಯವೂ ಇದ್ದವು.

ಸತ್ಯಪ್ಪ ದಿಗ್ಗೇವಾಡಿಗೆ ಹೋಗಲಿಲ್ಲ. ಕೊಟ್ಟ ಮಾತು ಉಳಿಯಲಿಲ್ಲ.