ಹನಿ ಹಾಕದ ದಿನಗಳು

ನಮ್ಮ ಬೀದಿಯವರು ನನ್ನನ್ನ ಚೌಕಾಸಿ ಅಕ್ಕ ಅಂತಾರೆ. ಅನ್ನಲಿ ಬಿಡಿ, ಸುಳ್ಳೇನಲ್ಲವಲ್ಲ. ಸೋಪಿನಿಂದ ಹಿಡಿದು ಚಪ್ಪಲಿವರೆಗೆ ಯಾವುದನ್ನೂ ಅಂಗಡಿಯವರು ಹೇಳಿದ ಬೆಲೆಗೆ ತಂದವಳಲ್ಲ ನಾನು. ಹತ್ತಿರದ ಅಂಗಡೀಲಿ ನಾಲ್ಕು ಕಾಸು ಜಾಸ್ತಿ ಅಂದ್ರೆ ಎರಡು ಬಸ್ಸು ಬದಲಾಯಿಸಿ ದೊಡ್ಡ ಮಾರ್ಕೆಟ್ಟಿಗೆ ಹೋಗೋಳು. ನಿಮ್ಮಲ್ಲೂ ಅಂಥವರು ಇದ್ದೀರಿ, ನನಗೆ ಗೊತ್ತು. ಅದಕ್ಕೇ ಇದನ್ನ ಹೇಳ್ತಿರೋದು. ಹೇಳೋಕೆ ನನಗೇನೂ ಖುಷಿಯಿಲ್ಲ.

ನನ್ನ ತಮ್ಮ ಟೈಲರ್. ಬೀದಿ ತಿರುವಿನಲ್ಲಿ ಒಂದು ಸಣ್ಣ ಅಂಗಡಿ. ಎರಡು ಮಿಷಿನ್ನು, ಬಟ್ಟೆ ಕತ್ತರಿಸೋ ಉದ್ದನೆ ಮೇಜು, ಮೂಲೇಲಿ ಇಸ್ತ್ರಿಪೆಟ್ಟಿಗೆ. ಒಂದು ಮಿಷಿನ್ನಿನಲ್ಲಿ ಅವನು, ಇನ್ನೊಂದರಲ್ಲಿ ಅವನ ಹೆಂಡ್ತಿ. ನಾನು ಬಾಗಿಲ ಹತ್ರ ಕೂತು ಕಾಜಾ ಹೊಲಿದು ಗುಂಡಿ ಹಾಕ್ತೀನಿ. ಅಳತೆ ತಗೊಳ್ಳೋದು, ಕತ್ತರಿಸೋದು ಮಾತ್ರ ತಮ್ಮನೇ. ಅವನ ಕತ್ತರಿಗೆ ಅಂತಲೇ ಜನ ದೂರದಿಂದ ಬರೋರು. ನಮ್ಮ ಮೂವರ ಹೊಟ್ಟೆ ತುಂಬ್ತಿದ್ದದ್ದೂ ಅದರಿಂದಲೇ.

ಎರಡು ವರ್ಷದ ಹಿಂದೆ ಅವನಿಗೆ ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿದೆ ಅಂತ ಗೊತ್ತಾಯ್ತು. ಗ್ಲಾಕೋಮಾ ಅಂತ ಅದರ ಹೆಸರು. ಕಣ್ಣಾಸ್ಪತ್ರೆ ನರ್ಸಮ್ಮ ಅವತ್ತೇ ಬಿಡಿಸಿ ಹೇಳಿದ್ರು: "ದಿನಾ ಮಲಗೋ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ. ಒಂದು ದಿನಾನೂ ಬಿಡಬೇಡಿ. ಇದು ನೋಯಲ್ಲ, ಕೆಂಪಾಗಲ್ಲ. ಸದ್ದಿಲ್ಲದೆ ದೃಷ್ಟಿ ತಿಂದುಹಾಕುತ್ತೆ. ಹೋದದ್ದು ವಾಪಸ್ ಬರಲ್ಲ."

ಒಂದು ಬಾಟ್ಲಿ ಒಂದು ತಿಂಗಳಿಗೆ. ನಮ್ಮ ಅಂಗಡಿ ಎದುರೇ ಔಷಧಿ ಅಂಗಡಿ, ರಸ್ತೆ ದಾಟಿದ್ರೆ ಸಾಕು. ತಮ್ಮ ಮೊದಲ ಬಾಟ್ಲಿ ಅಲ್ಲೇ ತಂದ. ಬೆಲೆ ಕೇಳಿ ನನಗೆ ಹೊಟ್ಟೆ ಉರಿದುಹೋಯ್ತು.

"ಅಯ್ಯೋ ಪೆದ್ದ! ದೊಡ್ಡ ಮಾರ್ಕೆಟ್ಟಿನ ಹೋಲ್‌ಸೇಲ್ ಅಂಗಡೀಲಿ ಇದೇ ಬಾಟ್ಲಿ ಎಷ್ಟು ಕಮ್ಮಿಗೆ ಸಿಗುತ್ತೆ ಗೊತ್ತಾ? ಎದುರಂಗಡಿಯವನಿಗೆ ಮಹಡಿ ಕಟ್ಟಿಸಿಕೊಡ್ತೀಯೇನೋ?" ಅಂದೆ.

ತಮ್ಮನ ಹೆಂಡ್ತಿ ಮಿಷಿನ್ ನಿಲ್ಲಿಸಿದ್ಲು. "ಅಕ್ಕಾ, ಉಳಿಯೋದಾದ್ರೂ ಎಷ್ಟು? ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿದ್ರೆ ಬರೋಷ್ಟು. ಇವರಿಗೆ ಅದು ಕಾಲು ಗಂಟೆ ಕೆಲಸ. ಮಾರ್ಕೆಟ್ಟಿಗೆ ಹೋಗಿಬರೋಕೆ ಅರ್ಧ ದಿನ ಬೇಕು. ಬಸ್ ಚಾರ್ಜು ಬೇರೆ."

"ಹೋಗೋಕೆ ಅವನ ಕಾಲೇನು ಸವೆದುಹೋಗುತ್ತಾ? ನಿನಗೆ ದುಡ್ಡಿನ ಬೆಲೆ ಗೊತ್ತಿಲ್ಲ ಕಣಮ್ಮ" ಅಂದೆ. ಅವಳು ಮತ್ತೆ ಪೆಡಲ್ ತುಳಿಯೋಕೆ ಶುರು ಮಾಡಿದ್ಲು. ತಮ್ಮ ನಕ್ಕ. ಚಿಕ್ಕಂದಿನಿಂದ ನನ್ನ ಮಾತು ಮೀರಿದವನಲ್ಲ ಅವನು.

ಆದ್ರೆ ನಮ್ಮ ವಾರದ ರಜೆ ದಿನವೇ ಆ ಹೋಲ್‌ಸೇಲ್ ಅಂಗಡಿಗೂ ರಜೆ. ಅವನು ಹೋಗಬೇಕು ಅಂದ್ರೆ ಕೆಲಸದ ದಿನವೇ ಕತ್ತರಿ ಕೆಳಗಿಡಬೇಕು. ನಾನು ಹೋಗೋಣ ಅಂದ್ರೆ ಗುಂಡಿ ಹಾಕೋರಿಲ್ಲ. ಒಂದೇ ಸಲ ನಾಲ್ಕು ಬಾಟ್ಲಿ ತರೋಷ್ಟು ದುಡ್ಡು ಒಟ್ಟಿಗೆ ಕೈಯಲ್ಲಿ ನಿಲ್ತಿರಲಿಲ್ಲ.

"ಅಕ್ಕಾ, ಹನಿ ಮುಗೀತು. ಎದುರಂಗಡೀಲಿ ತಂದುಬಿಡ್ಲಾ?" ಅನ್ನೋನು.

"ನಾಲ್ಕು ದಿನ ತಡ್ಕೊಳೋ. ಕೆಲಸ ಕಮ್ಮಿಯಾದ ತಕ್ಷಣ ಮಾರ್ಕೆಟ್ಟಿಗೆ ಹೋಗಿ ಬಾ. ಕಣ್ಣೇನಾದ್ರೂ ನೋಯ್ತಿದೆಯಾ?"

"ಇಲ್ಲಪ್ಪ, ಚೆನ್ನಾಗೇ ಕಾಣುತ್ತೆ."

ಕೆಲಸ ಯಾವತ್ತು ಕಮ್ಮಿಯಾಗಿದೆ ಹೇಳಿ? ನಾಲ್ಕು ದಿನ ಆರಾಗೋದು, ಆಮೇಲೆ ಹೋಗಿ ತರೋನು. ಶಾಲೆ ಯೂನಿಫಾರ್ಮ್ ಹೊಲಿಯೋ ಕಾಲದಲ್ಲಿ ಹನ್ನೆರಡು ದಿನ ಆಗಿದ್ದೂ ಉಂಟು. ಆಸ್ಪತ್ರೆಗೆ ತೋರಿಸೋಕೆ ಹೋಗೋದನ್ನೂ ಹೀಗೇ ಮುಂದೆ ಹಾಕಿದ್ವಿ. ಒಂದು ಸಲ ತಮ್ಮನ ಹೆಂಡ್ತಿ ತಡೀಲಾರದೆ ಎದುರಂಗಡಿಯಿಂದ ಬಾಟ್ಲಿ ತಂದುಬಿಟ್ಲು. ಗಿರಾಕಿಗಳ ಎದುರೇ ಅವಳನ್ನ ತರಾಟೆಗೆ ತಗೊಂಡೆ. ಬಟ್ಟೆ ರಾಶಿ ಹಿಂದೆ ಮುಖ ಮರೆಸ್ಕೊಂಡು ಅತ್ಲು. ಮತ್ತೆ ಅವಳು ತರಲಿಲ್ಲ. ನಾನು ಗೆದ್ದೆ ಅಂದ್ಕೊಂಡೆ, ನೋಡಿ ನನ್ನ ಬುದ್ಧಿ!

ಆಮೇಲೆ ತಮ್ಮ ಎಡಗಡೆ ಇಟ್ಟ ನೀರಿನ ಲೋಟ ಬೀಳಿಸೋಕೆ ಶುರು ಮಾಡಿದ. ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಳ್ಳೋನು. "ನೆಲ ನೋಡ್ಕೊಂಡು ನಡಿಯೋ ಮಾರಾಯ" ಅಂತ ನಾನೇ ತಮಾಷೆ ಮಾಡ್ತಿದ್ದೆ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಕೋಟಿನ ಬಟ್ಟೆ ಕತ್ತರಿಸ್ತಿದ್ದ. ಕತ್ತರಿಸಿಟ್ಟ ತೋಳಿನ ತುಂಡು ಎಡಗಡೆ ಮಡಚಿಕೊಂಡು ಬಿದ್ದಿತ್ತು. ಅದರ ಮೇಲೂ ಕತ್ತರಿ ಓಡಿಸಿಬಿಟ್ಟ. ಇಪ್ಪತ್ತು ವರ್ಷದಲ್ಲಿ ಒಂದು ಬಟ್ಟೇನೂ ಹಾಳು ಮಾಡಿದವನಲ್ಲ. ಕತ್ತರಿ ಕೆಳಗಿಟ್ಟ. ಆಮೇಲೆ ಅಂಗೈಯಿಂದ ಬಲಗಣ್ಣು ಮುಚ್ಕೊಂಡು ನನ್ನ ಕಡೆ ತಿರುಗಿದ.

"ಅಕ್ಕಾ, ನಿನ್ನ ಮೂಗು, ಬಾಯಿ ಕಾಣುತ್ತೆ. ಭುಜ ಎಲ್ಲಿ? ಬಾಗಿಲು ಎಲ್ಲಿ ಹೋಯ್ತು?"

ಬಾಗಿಲು ನನ್ನ ಪಕ್ಕದಲ್ಲೇ ಇತ್ತು.

ಅವತ್ತೇ ಮೂವರೂ ಆಸ್ಪತ್ರೆಗೆ ಓಡಿದ್ವಿ. ಪರೀಕ್ಷೆ ಎಲ್ಲ ಮುಗಿದ ಮೇಲೆ ಅದೇ ನರ್ಸಮ್ಮ ನಮ್ಮನ್ನ ಕೂರಿಸ್ಕೊಂಡ್ರು.

"ಹನಿ ತಪ್ಪದೆ ಹಾಕ್ತಿದ್ರಾ?"

"ಬಾಟ್ಲಿ ಇದ್ದಾಗ ಒಂದು ದಿನಾನೂ ಬಿಟ್ಟಿಲ್ಲಮ್ಮ" ಅಂದ ತಮ್ಮ.

"ಇಲ್ಲದಾಗ?"

ಅವನು ನನ್ನ ಕಡೆ ನೋಡಿದ. ನಾನೇ ಬಾಯಿಬಿಟ್ಟೆ. "ಮಾರ್ಕೆಟ್ಟಲ್ಲಿ ಕಮ್ಮಿಗೆ ಸಿಗುತ್ತೆ ಅಂತ ಕಾಯ್ತಿದ್ವಿ. ನಾನೇ ಕಾಯಿಸಿದ್ದು." ಅಷ್ಟಕ್ಕೆ ಸುಮ್ಮನಿರದೆ ಮತ್ತೆ ಕೇಳಿದೆ: "ಬಡವರು ನಾಲ್ಕು ಕಾಸು ಉಳಿಸೋದು ತಪ್ಪಾಮ್ಮ?"

"ಯಾರು ತಪ್ಪು ಅಂದ್ರು? ಮಂಚ ಕೊಳ್ತೀರಾ, ಹತ್ತು ಅಂಗಡಿ ಸುತ್ತಿ, ತಿಂಗಳು ಕಾಯಿರಿ. ಅದು ತಡವಾದ್ರೆ ಚಾಪೆ ಮೇಲೆ ಮಲಗಬಹುದು. ಆದ್ರೆ ಕೊಳ್ಳೋ ಮುಂಚೆ ಬೆಲೆ ಒಂದನ್ನೇ ಕೇಳಬೇಡಿ. ಹೋಗಿಬರೋಕೆ ಎಷ್ಟು ಹೊತ್ತು, ಆ ಹೊತ್ತಲ್ಲಿ ಎಷ್ಟು ದುಡೀತಿದ್ವಿ, ಅದು ಬರೋವರೆಗೆ ಇಲ್ಲದೆ ನಡೆಯುತ್ತಾ, ಇದನ್ನೂ ಕೇಳ್ಕೊಳ್ಳಿ. ಇವರ ಕಣ್ಣಿಗೆ ಹನಿ ಇಲ್ಲದೆ ನಡೆಯಲ್ಲ. ನೀವು ಎಲ್ಲಿಯ ಬೆಲೆ ನೋಡಿದ್ರೋ ಅಲ್ಲಿಂದ ಹೊತ್ತಿಗೆ ಸರಿಯಾಗಿ ತರಲೂ ಇಲ್ಲ, ಹತ್ತಿರದಲ್ಲಿದ್ದದ್ದನ್ನ ಕೊಳ್ಳಲೂ ಇಲ್ಲ."

ಅವರೇ ಮುಂದೆ ಹೇಳಿದ್ರು: "ಬಾಟ್ಲಿ ಮುಗಿಯೋಕೆ ಒಂದು ವಾರ ಮುಂಚೇನೇ ಹೊಸದು ಮನೇಲಿರಬೇಕು. ಬೆಲೆ ಭಾರ ಅನ್ನಿಸಿದ್ರೆ ನಮ್ಮನ್ನ ಕೇಳಿ, ಕಮ್ಮಿ ಬೆಲೆಯದು ಬರೆದುಕೊಡೋಕಾಗುತ್ತಾ ಅಂತ ಡಾಕ್ಟರು ನೋಡ್ತಾರೆ. ಮಾರ್ಕೆಟ್ಟಿಗೆ ಹೇಗೂ ಹೋಗೋ ಕೆಲಸ ಇದ್ರೆ ಎರಡು ತನ್ನಿ. ಆಗಲಿಲ್ವಾ, ರಸ್ತೆ ದಾಟಿ."

"ಎಡಗಣ್ಣು?" ಅಂತ ಕೇಳಿದ್ಲು ತಮ್ಮನ ಹೆಂಡ್ತಿ.

"ಹೋದಷ್ಟು ಹೋಯ್ತಮ್ಮ. ಉಳಿದಿರೋದನ್ನ, ಬಲಗಣ್ಣನ್ನ ಕಾಪಾಡ್ಕೊಳ್ಳೋಣ."

ಈಗ ಬಟ್ಟೆ ಕತ್ತರಿಸೋದು ತಮ್ಮನ ಹೆಂಡ್ತಿ. ಕಲಿತಿದ್ದಾಳೆ, ಆದ್ರೆ ನಿಧಾನ. ಕೋಟು ಹೊಲಿಸೋ ಗಿರಾಕಿಗಳು ಬೇರೆ ಕಡೆ ಹೋದ್ರು. ತಮ್ಮ ತಲೆದಿಂಬಿನ ಚೀಲ, ಪರದೆ, ನೇರ ಹೊಲಿಗೆ ಇರೋದಷ್ಟೇ ಹೊಲೀತಾನೆ. ಸೂಜಿಗೆ ದಾರ ನಾನು ಪೋಣಿಸಿಕೊಡ್ತೀನಿ. ಒಂದು ದಿನ ಅವಳ ಕೈ ಹಿಡ್ಕೊಂಡು, "ನನ್ನಿಂದ ಹೀಗಾಯ್ತಲ್ಲೇ, ತಪ್ಪಾಯ್ತು ಕಣೇ" ಅಂದೆ. ಅವಳು ಕೈ ಬಿಡಿಸ್ಕೊಂಡು, "ಆ ಬಟ್ಟೆ ತುದಿ ಹಿಡ್ಕೊಳ್ಳಿ ಅಕ್ಕಾ, ಗೆರೆ ಎಳೀಬೇಕು" ಅಂದ್ಲು. ಅವಳಿನ್ನೂ ನನ್ನನ್ನ ಕ್ಷಮಿಸಿಲ್ಲ. ಯಾಕೆ ಕ್ಷಮಿಸಬೇಕು?

ತಮ್ಮ ನನ್ನನ್ನ ಒಂದು ಮಾತೂ ಅಂದಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಹೊಸ ಬಾಟ್ಲಿ ತಂದು ಕೈಗಿಟ್ರೆ, "ದುಡ್ಡು ಜಾಸ್ತಿ ಆಯ್ತೇನಕ್ಕಾ?" ಅಂತ ಈಗಲೂ ಮೆಲ್ಲಗೆ ಕೇಳ್ತಾನೆ. ನಾನು ಕಲಿಸಿದ್ದೇ ಅದು.

ಇದನ್ನ ಓದ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೇಲಿ ದಿನಾ ಔಷಧಿ ತಗೊಳ್ಳೋರು ಯಾರಾದ್ರೂ ಇದ್ದಾರಾ? ಸಕ್ಕರೆ ಕಾಯಿಲೆದು, ಬಿಪಿದು, ಕಣ್ಣಿಂದು, ಯಾವುದಾದ್ರೂ ಸರಿ. ಈ ಹಾಳೆ ಪಕ್ಕಕ್ಕಿಟ್ಟು ಎದ್ದು ಹೋಗಿ ನೋಡಿ, ಎಷ್ಟು ದಿನಕ್ಕಾಗೋಷ್ಟು ಉಳಿದಿದೆ ಅಂತ. ಒಂದು ವಾರಕ್ಕಿಂತ ಕಮ್ಮಿ ಇದ್ರೆ ಇವತ್ತೇ ತನ್ನಿ. ಅಗ್ಗದ ಅಂಗಡಿ ಹತ್ತಿರ ಇದ್ರೆ ಅಲ್ಲಿಂದ ತನ್ನಿ. ದೂರ ಇದ್ರೆ ಹತ್ತಿರದ ಅಂಗಡಿಯವನನ್ನ ಬೈಕೊಂಡಾದ್ರೂ ಸರಿ, ಕೇಳಿದಷ್ಟು ಕೊಟ್ಟು ತನ್ನಿ.